ಕಾದ ಕತ್ತಿಯ ಸಾಕ್ಷಿ

ಬೆಳಿಗ್ಗೆ ಎದ್ದು ಯಾರನ್ನಾದರೂ ಕೆಣಕದಿದ್ದರೆ ಮುಲ್ಬಾ ಅಜ್ಜನಿಗೆ ತಂಗಳನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಮ್ಮಗಳು ಗೋರ್ಪು ತಾನು ಕೆಲಸ ಮಾಡುವ ಗ್ಬಾಂಗಾ ಪಟ್ಟಣದಿಂದ ಬಂದಳೆಂದರೆ ಅವನಿಗೆ ಹಬ್ಬ.

"ಏನಮ್ಮಾ ಸರ್ಕಾರ, ನಮ್ಮೂರಲ್ಲಿ ಯಾರು ಯಾರಿಗೆ ಬೈದ್ರು ಅಂತ ಬರ್ಕೊಳ್ಳೋಕೆ ಬಂದ್ಯಾ?"

"ಮೊದ್ಲು ನಿನ್ನ ಹೆಸರೇ ಬರ್ಕೊಳ್ಳೋದು ಅಜ್ಜಾ. ಬಾಯಲ್ಲಿ ಹಲ್ಲಿಲ್ಲ, ಅಡಿಕೆ ಥರ ಕೋಲಾಕಾಯಿ ಬೇರೆ ಅಗೀತೀಯ."

ಪಕ್ಕದ ಒಲೆಮನೆಯಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದ ನೋವಾಯಿ ಒನಕೆ ನಿಲ್ಲಿಸಿ ನಕ್ಕಳು. ಗಂಡನನ್ನು ಯುದ್ಧ ನುಂಗಿತ್ತು, ಮಕ್ಕಳಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅಜ್ಜನಿಗೆ ಹೊತ್ತು ಹೊತ್ತಿಗೆ ಒಂದು ಬಟ್ಟಲು ಸಾರು ಹೋಗುತ್ತಿದ್ದುದು ಅವಳ ಒಲೆಯಿಂದಲೇ.

ಲೈಬೀರಿಯಾದಲ್ಲಿ ಬಂದೂಕುಗಳು ಬಾಯಿ ಮುಚ್ಚಿದ ಮೇಲೆ ಹಕ್ಕುಗಳ ಸಂಘವೊಂದು ಗೋರ್ಪುವಿನಂಥವರನ್ನು ಹಳ್ಳಿಹಳ್ಳಿಗೆ ಕಳಿಸುತ್ತಿತ್ತು. ಯಾರಿಗೆ ಅನ್ಯಾಯವಾಗಿದೆ ಎಂದು ವಿಚಾರಿಸುವುದು, ಹೊಸ ಕಾನೂನು ತಿಳಿಸುವುದು ಅವಳ ಕೆಲಸ. ಕಳ್ಳತನದ ಆರೋಪ ಬಂದವರ ಕಾಲಿಗೆ ಕೆಂಪಗೆ ಕಾದ ಕತ್ತಿ ಎಳೆದು, ಸುಡದಿದ್ದರೆ ನಿರಪರಾಧಿ, ಸುಟ್ಟರೆ ಕಳ್ಳ ಎನ್ನುವ ಪದ್ಧತಿಗೆ ಕಾನೂನಿನ ನಿಷೇಧ ಬಂದಿತ್ತು. ಆದರೆ ರಾಜಧಾನಿ ಮನ್ರೋವಿಯಾದಿಂದ ಕಾನೂನು ಹಳ್ಳಿಗೆ ಬರುವ ದಾರಿ ಬಲು ಕೆಟ್ಟದ್ದು.

ಇನ್ನೂ ಕೆಟ್ಟದ್ದೆಂದರೆ, ಸುತ್ತ ಹತ್ತೂರಿಗೆ ಆ ಕತ್ತಿ ಎಳೆಯುವವನು ಇದೇ ಮುಲ್ಬಾ ಅಜ್ಜ. ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕಾಡು ದಾಟಿ, ನೆರೆದೇಶ ಗಿನಿಯ ಗಡಿ ಸೇರಿಸಿದವನೂ ಇವನೇ. ಆ ಬೆನ್ನಿನ ಮೇಲೆ ಉಳಿದುಕೊಂಡ ಜೀವ ಗೋರ್ಪುವಿನದು. ಅವನನ್ನು ಹೇಗೆ ದೂಷಿಸುವುದು?

ಹುರಿದ ಕಡಲೆಕಾಯಿ ಮಾರುವ ಕೆಬ್ಬೆ ಅಂಗಳದ ಮುಂದೆ ಕಾಲೆಳೆಯುತ್ತ ಹಾದುಹೋದಳು. ಒಂದು ಕೋಳಿ ಕಾಣೆಯಾದಾಗ ಅಜ್ಜನ ಕತ್ತಿ ಅವಳನ್ನು ಕಳ್ಳಿ ಎಂದಿತ್ತು.

"ಅವಳ ಕಾಲು ನೋಡಿದ್ಯಾ ಅಜ್ಜಾ? ನಿನ್ನ ಕತ್ತಿ ಸುಡೋದೆಲ್ಲ ಹಿಂದು ಮುಂದಿಲ್ಲದೋರನ್ನೇ. ಮುಖ್ಯಸ್ಥನ ತಮ್ಮನ ಕಾಲು ಯಾವತ್ತಾದ್ರೂ ಮುಟ್ಟಿದ್ಯಾ?"

"ಆಗ ಕೋರ್ಟು ಎಲ್ಲಿತ್ತೇ? ಪೊಲೀಸ್ರು ಎಲ್ಲಿದ್ರು? ಕತ್ತಿ ಒಂದು ಕಾಲು ಸುಡುತ್ತೆ, ಜಗಳ ಊರನ್ನೇ ಸುಡುತ್ತೆ. ಸಾರು ಆರುತ್ತೆ, ಉಣ್ಣು."

ಸಾರು ಆರುವ ಮೊದಲೇ ಊರಿನ ಮುಖ್ಯಸ್ಥ ಟೋಗ್ಬಾ ಹತ್ತಾರು ಜನರೊಂದಿಗೆ ಬಂದ. ಊರಿನ ಬಿತ್ತನೆ ಭತ್ತವನ್ನು ನೋವಾಯಿಯ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರು. ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ. ಹೋದ ವಾರ ಎಲ್ಲರೂ ನೋಡಿದ್ದ ಮೂಟೆಗಳಲ್ಲಿ ಈಗ ಒಂದು ಇರಲಿಲ್ಲ.

"ಅವಳ ಒಲೆ ಮೇಲಿಂದ ಹೋಗಿದೆ, ಅವಳಿಗೆ ಗೊತ್ತಿಲ್ವಾ?" ಎಂದ ಟೋಗ್ಬಾ. "ಉಪ್ಪು ತಿಂದೋರು ನೀರು ಕುಡೀಲೇಬೇಕು." ಅಜ್ಜನ ಮುಂದೆ ಬಿಳಿ ಕೋಲಾಕಾಯಿ ಇಟ್ಟ. ಅದನ್ನು ತೆಗೆದುಕೊಂಡರೆ ಕತ್ತಿ ಎಳೆಯಲು ಮಾತು ಕೊಟ್ಟಂತೆ. ಅಜ್ಜ ತೆಗೆದುಕೊಂಡ.

"ಅಜ್ಜಾ, ದಿನಾ ನಿಂಗೆ ಊಟ ಕೊಡೋ ಕೈ ಅದು!"

"ಅದಕ್ಕೇ ಹೇಳ್ತಿರೋದು. ಅವಳು ಕದ್ದಿಲ್ಲ, ಹಾಗಾಗಿ ಸುಡಲ್ಲ. ಊರ ಬಾಯಿ ಮುಚ್ಚುತ್ತೆ."

ನೋವಾಯಿಯೂ ಹಾಗೆಯೇ ನಂಬಿದ್ದಳು. "ಎಳೀಲಿ ಬಿಡು ಮಗಳೇ. ತಪ್ಪು ಮಾಡ್ದೋರಿಗೆ ತಾನೇ ಭಯ?" ಎಂದು ಉಟ್ಟ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು. ಗೋರ್ಪುವಿನ ಎದೆ ಒಡೆದದ್ದು ಆ ಮಾತಿಗೆ. ಕತ್ತಿಗಿಂತ ಕ್ರೂರವಾದದ್ದು ಈ ನಂಬಿಕೆ.

"ಇದು ಅಪರಾಧ. ನಿನ್ನ ಮೇಲೇ ದೂರು ಕೊಡ್ತೀನಿ ಅಜ್ಜಾ."

"ಕೊಡು. ನಿನ್ನ ಕೆಲಸ ನೀ ಮಾಡು, ನನ್ನದು ನಾ ಮಾಡ್ತೀನಿ." ಅವನ ಮುಖದಲ್ಲಿ ನಗು ಇರಲಿಲ್ಲ.

ಪಂಚಾಯಿತಿಯ ಚಪ್ಪರದ ಕೆಳಗೆ ಬೆಂಕಿ ಹಾಕಿದರು. ಕತ್ತಿ ಕೆಂಪೇರಿತು. ನೋವಾಯಿ ಚಾಪೆಯ ಮೇಲೆ ಕುಳಿತು ಕಾಲು ಚಾಚಿದಳು. ಗೋರ್ಪು ಅವಳ ಪಕ್ಕದಲ್ಲಿ ಕುಳಿತು, ತನ್ನ ಬಟ್ಟೆಯನ್ನು ಮೊಣಕಾಲಿಗೆ ಸರಿಸಿ, ತನ್ನ ಕಾಲನ್ನೂ ಚಾಚಿದಳು.

"ಮೊದ್ಲು ನಂಗೆ ಎಳಿ ಅಜ್ಜಾ. ಭತ್ತ ಹೋದಾಗ ನಾನು ಗ್ಬಾಂಗಾದಲ್ಲಿದ್ದೆ. ನಾನು ಕದ್ದಿಲ್ಲ ಅಂತ ಇಲ್ಲಿರೋ ಎಲ್ರಿಗೂ ಗೊತ್ತು. ನಂಗೆ ಸುಡದಿದ್ರೆ ನೋವಾಯಿ ಚಿಕ್ಕಮ್ಮಂಗೂ ಎಳಿ. ಸುಟ್ರೆ, ಸುಳ್ಳು ಹೇಳೋದು ಕತ್ತಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. "ಹುಡುಗಿಗೆ ಊರು ಬಿಟ್ಟು ಬುದ್ಧಿ ಕೆಟ್ಟಿದೆ," ಎಂದರು ಕೆಲವರು. ಟೋಗ್ಬಾ ಮಾತ್ರ ವ್ಯಂಗ್ಯವಾಗಿ, "ಕೇಳ್ತಾ ಇದ್ದಾಳಲ್ಲ, ಎಳೀರಿ ಹಿರಿಯರೇ. ಮೊಮ್ಮಗಳು ಅಂತ ಹೆದರ್ತೀರಾ?" ಎಂದ.

ಅಜ್ಜ ಕತ್ತಿ ಹಿಡಿದು ಬಂದ. ಗೋರ್ಪುವಿನ ಮೊಣಕಾಲ ಕೆಳಗೆ ಒಂದು ಹಳೆಯ ಗಾಯದ ಗುರುತಿತ್ತು. ಗಿನಿಗೆ ಹೋಗುವ ದಾರಿಯ ಕಾಡಿನಲ್ಲಿ ಮುಳ್ಳು ಹೊಕ್ಕ ಜಾಗ. ಅವನೇ ಹಲ್ಲಿನಿಂದ ಕಚ್ಚಿ ಮುಳ್ಳು ತೆಗೆದಿದ್ದ. ಅವನು ಅದನ್ನೇ ನೋಡುತ್ತ ನಿಂತ. ಕತ್ತಿಯ ಕಾವು ಅವಳ ಚರ್ಮಕ್ಕೆ ತಾಗುತ್ತಿತ್ತು, ಕತ್ತಿ ಮಾತ್ರ ಕೆಳಗಿಳಿಯಲಿಲ್ಲ.

"ಯಾಕಜ್ಜಾ ನಿಂತೆ?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕದ್ದಿಲ್ಲ ಅಂತ ನಿಂಗೆ ಗೊತ್ತಲ್ಲ. ಮತ್ಯಾಕೆ ಭಯ?"

ಅಜ್ಜ ಸಟ್ಟನೆ ಕತ್ತಿಯನ್ನು ತಿರುಗಿಸಿ ತನ್ನ ಕಾಲಿಗೇ ಒತ್ತಿಕೊಂಡ.

ಚರ್ಮ ಸುಟ್ಟ ವಾಸನೆ ಚಪ್ಪರದಲ್ಲಿ ತುಂಬಿತು. ಗೋರ್ಪು ಚೀರಿ ಅವನ ಕೈಯಿಂದ ಕತ್ತಿ ಕಿತ್ತೆಸೆದಳು. ನೋವಾಯಿ ನೀರಿಗೆ ಓಡಿದಳು. ಅಜ್ಜ ಕಂಬ ಹಿಡಿದು, ಬೊಬ್ಬೆಯೇಳುತ್ತಿದ್ದ ಕಾಲನ್ನು ಊರಿಗೆಲ್ಲ ಕಾಣುವಂತೆ ಮುಂದಿಟ್ಟ.

"ನೋಡ್ರಪ್ಪಾ," ಎಂದ. "ನಾನೂ ಕದ್ದಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಟೋಗ್ಬಾ ಕೇಳಿದ, "ಹಾಗಾದ್ರೆ ಭತ್ತ ಕದ್ದಿದ್ದು ಯಾರು?"

"ಗೊತ್ತಿಲ್ಲ." ಆ ಚಪ್ಪರದ ಕೆಳಗೆ ಅಜ್ಜ ಈ ಮಾತು ಹೇಳಿದ್ದು ಅದೇ ಮೊದಲು. ಸೊಂಟದ ಗಂಟಿನಿಂದ ಬಿಳಿ ಕೋಲಾಕಾಯಿ ತೆಗೆದು ಟೋಗ್ಬಾನ ಕೈಗೆ ವಾಪಸು ಇಟ್ಟ. "ನಂಗೆ ಗೊತ್ತಿಲ್ಲ. ಪೊಲೀಸ್ರು ಬಂದು ಹುಡುಕ್ಲಿ. ನನ್ನ ಸರ್ಕಾರ ಇಲ್ಲೇ ಕೂತಿದೆ, ಕರ್ಕೊಂಡು ಬರುತ್ತೆ."

ಗೋರ್ಪು ಅಳುತ್ತಲೇ ನಕ್ಕಳು. ನೋವಾಯಿ ಅವನ ಕಾಲಿಗೆ ತಣ್ಣೀರು ಸುರಿಯುತ್ತ, "ಮುದುಕಾ, ನಿಂಗೆ ಬುದ್ಧಿ ಯಾವಾಗ ಬರುತ್ತೋ!" ಎಂದು ಬೈಯುತ್ತಿದ್ದಳು.

ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ತಲೆಯ ಮೇಲಿನ ಕಡಲೆಕಾಯಿ ಬುಟ್ಟಿಯನ್ನು ಕೆಳಗಿಟ್ಟು ಕೆಬ್ಬೆ ಕಾಲೆಳೆಯುತ್ತ ಬಂದಳು. ಅಜ್ಜನ ಎದುರು ನಿಂತು, ಮೆಲ್ಲಗೆ, ಲೆಕ್ಕ ತೀರಿಸುವವಳಂತೇನೂ ಅಲ್ಲದೆ ಹೇಳಿದಳು:

"ಮುಲ್ಬಾ ಮಾವಾ, ನಾನೂ ಕದ್ದಿರ್ಲಿಲ್ಲ."

ಅಜ್ಜ ಅವಳ ಮುಖ ನೋಡಿದ. ನೋವಾಯಿ ತಡೆದರೂ ಕೇಳದೆ ಸುಟ್ಟ ಕಾಲನ್ನು ಮಡಚಿ ನೆಲಕ್ಕೆ ಕುಳಿತ. ಕೆಬ್ಬೆಯ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳೇ "ಏಳು ಮಾವಾ" ಅನ್ನುವವರೆಗೂ ಬಿಡಲಿಲ್ಲ.