ಕ್ಲೆಮ್ ಕೂಗಿದ ಮಧ್ಯಾಹ್ನ

ಕ್ಲೆಮ್‌ನ ಕಿವಿಯ ಹಿಂದೆ ಬಿಸಿಲಿನ ಕ್ರೀಮು ಬೆಳ್ಳಗೆ ಹಾಗೇ ನಿಂತಿದೆ, ಸರಿಯಾಗಿ ಹರಡಿಲ್ಲ, ಒರೆಸಬೇಕು, ಆದರೆ ಈಗ ಕೈ ಹಾಕಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಜನೀನ್ ನೋಡುತ್ತಾಳೆ, ಇವತ್ತು ಮಗಳು ನೋಡುತ್ತಿರುವುದೇ ಅದನ್ನು — ನೋಲಾ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಕ್ಲೆಮ್ ನೆಟ್ಟಗೆ ಕೂತಿದ್ದಾನೆ, ಟೋಪಿ ಹುಬ್ಬಿನವರೆಗೆ, ಮೊಣಕಾಲ ಮೇಲೆ ಎರಡೂ ಅಂಗೈ, ಚೆಂಡು ಆಚೆ ಹೋದರೆ ಕಣ್ಣು ಆಚೆ, ಈಚೆ ಬಂದರೆ ಈಚೆ, ನೋಡಿದವರು ಈ ಮನುಷ್ಯನಿಗೆ ಏನೋ ಆಗಿದೆ ಅಂದಾರೆಯೇ, ಅನ್ನಲಾರರು, ಹಿಂದಿನ ಸಾಲಿನ ಹೆಂಗಸು ಆಗಲೇ ನಿಮ್ಮ ಯಜಮಾನ್ರು ಆಟ ಬಲ್ಲವರು ಅನ್ಸುತ್ತೆ ಅಂದಳು, ಜನೀನ್ ಕೇಳಿಸಿಕೊಂಡಳೋ ಇಲ್ಲವೋ. ಕೇಳಿಸಿಕೊಳ್ಳಲಿ. ಒಂದೇ ಒಂದು ದಿನ ನೋಡೋಣ ಅಮ್ಮ, ಅಂದಿದ್ದಳು ಅಡುಗೆಮನೆಯಲ್ಲಿ ನಿಂತು, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, ಪ್ರತಿ ವರ್ಷದ ಹಾಗೆ ಮೆಲ್ಬರ್ನಿಗೆ ಹೋಗಿ ಟೆನಿಸ್ ನೋಡ್ಕೊಂಡು ಬರೋಣ, ಅಷ್ಟು ಜನರ ಮಧ್ಯೆ ಅಪ್ಪ ಸಮಾಧಾನವಾಗಿದ್ರೆ ಮನೇಲೇ ಇಟ್ಕೋ, ನಾನು ಇನ್ನು ಬಾಯಿ ಬಿಡಲ್ಲ, ಇಲ್ಲಾಂದ್ರೆ ಮರೆವಿನವರ ಆರೈಕೆ ಮನೆಯವರು ಅಪ್ಪನಿಗೆ ಅಂತ ಹಾಸಿಗೆ ಕಾದಿಟ್ಟಿರೋದು ಸೋಮವಾರದ ತನಕ ಅಷ್ಟೇ. ನೋಲಾ ಹೂಂ ಅಂದಿದ್ದಳು. ಅಳುವವಳಲ್ಲ ಅವಳು, ಜಗಳಕ್ಕೂ ಇಳಿಯುವವಳಲ್ಲ, ಹೂಂ ಅಂದು ಮೊಟ್ಟೆ ಬೇಯಿಸಲು ಇಟ್ಟಳು.

ಆ ಮೊಟ್ಟೆಯದೇ ಸ್ಯಾಂಡ್‌ವಿಚ್ಚು ಈಗ ಕಾಲ ಬಳಿ, ಐಸ್‌ಕ್ರೀಮಿನ ಹಳೇ ಡಬ್ಬಿಯಲ್ಲಿ, ಬಿಸಿಲಿಗೆ ಬೆವರುತ್ತಾ ಕೂತಿದೆ. ಬೆಳಕು ಹರಿಯುವ ಮೊದಲೇ ಹೊರಟದ್ದು, ಕಾರು ಓಡಿಸಿದ್ದು ಟ್ರೆವರ್, ಒಳ್ಳೆಯ ಅಳಿಯ, ಬಾಯಿ ಮಾತ್ರ ನಿಲ್ಲುವುದಿಲ್ಲ, ಯಜಮಾನ್ರೇ ಟೋಪಿ ತಗೊಂಡ್ರಾ, ತಲೆ ತಗೊಂಡ್ರಾ — ಅಂದವನು ನಾಲಿಗೆ ಕಚ್ಚಿಕೊಂಡ, ಕ್ಲೆಮ್ ನಕ್ಕುಬಿಟ್ಟ, ತಲೆ ನೋಲಾ ಹತ್ರ ಇದೆ ಕಣೋ, ನಾನು ಬರೀ ಟೋಪಿ ಅಂದ, ಎಷ್ಟು ಸರಿಯಾಗಿ ಅಂದ, ಆಗಲೇ ಅರ್ಧ ಗೆದ್ದೆ ಅನಿಸಿತು ಅವಳಿಗೆ. ದೊಡ್ಡ ಕೋರ್ಟುಗಳು ಇವರಿಗೆ ಯಾವತ್ತೂ ಬೇಕಾಗಿರಲಿಲ್ಲ, ಟೂರ್ನಿ ಹಳೆಯ ಹುಲ್ಲಿನ ಮೇಲೆ ನಡೆಯುತ್ತಿದ್ದ ಕಾಲದಲ್ಲೂ ಅಷ್ಟೇ, ಪುಟ್ಟ ಜನೀನಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಚಿನ ಕೋರ್ಟುಗಳ ಕಡೆಗೇ ಹೋಗುತ್ತಿದ್ದ ಕ್ಲೆಮ್, ಆಡುವವರ ಉಸಿರು ಕೇಳಬೇಕು, ಬೂಟು ಕಿರುಗುಟ್ಟುವುದು ಕೇಳಬೇಕು, ಅದೂ ಕೊನೇ ಗೆರೆಯ ಹಿಂದೆಯೇ ಕೂರಬೇಕು, ಪಕ್ಕದಿಂದ ನೋಡಿದ್ರೆ ಕತ್ತು ನೋಯುತ್ತೆ ಹೊರತು ಆಟ ತಿಳಿಯಲ್ಲ. ಇವತ್ತೂ ಬಾಗಿಲು ತೆಗೆದದ್ದೇ ನೇರ ಇಲ್ಲಿಗೇ ನಡೆದು ಬಂದ, ಯಾರೂ ದಾರಿ ಹೇಳಲಿಲ್ಲ, ಕಾಲಿಗೆ ಗೊತ್ತಿತ್ತು. ಉತ್ತರದ ಬಿಸಿಗಾಳಿ, ನೀಲಿ ನೆಲದಿಂದ ಏಳುವ ಝಳ, ಟ್ರೆವರ್ ತಂದುಕೊಟ್ಟ ನೀರನ್ನು ಅವಳು ಹೇಳಿದಾಗೆಲ್ಲ ಕ್ಲೆಮ್ ಕುಡಿದ. ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು, ಇನ್ನು ಸಂಜೆಯೊಂದು ದಾಟಿದರೆ, ಸಂಜೆಯೊಂದು —

ಔಟ್! ಪಕ್ಕದಿಂದಲೇ ಬಂತು, ಕ್ಲೆಮ್‌ನ ಎದೆಯಾಳದ ದನಿ, ತೋರುಬೆರಳು ನೆಟ್ಟಗೆ ಮೇಲೆ. ಇಡೀ ಕೋರ್ಟು ಉಸಿರು ಹಿಡಿದಿದ್ದ ಹೊತ್ತು, ಈ ಕಡೆ ಆಡುತ್ತಿದ್ದ ಚೆಕ್ ದೇಶದ ಉದ್ದನೆಯ ಹುಡುಗ ಔಟ್ ಅಂತಲೇ ನಂಬಿ ಚೆಂಡನ್ನು ಹಾಗೇ ಬಿಟ್ಟು ನಿಂತ, ಅದು ಹಿಂದಿನ ಗೋಡೆಗೆ ಬಡಿದು ಉರುಳಿತು. ಈಗ ಇಲ್ಲಿ ಗೆರೆ ಕಾಯುವ ಮನುಷ್ಯರಿಲ್ಲ, ಯಂತ್ರವೇ ನೋಡಿ ಯಂತ್ರವೇ ಕೂಗುವುದು, ಯಂತ್ರ ಸುಮ್ಮನಿತ್ತು, ಚೆಂಡು ಒಳಗೇ ಬಿದ್ದಿತ್ತು, ಹುಡುಗ ಪಾಯಿಂಟು ಕಳೆದುಕೊಂಡ. ಯಾರ್ರೀ ಅದು, ಬಾಯ್ಮುಚ್ಕೊಂಡು ಕೂತ್ಕೊಳ್ಳಯ್ಯ, ಕುಡಿದಿದ್ದಾನಾ ಹೇಗೆ, ಎತ್ತರದ ಕುರ್ಚಿಯ ಅಂಪೈರು ಆಟದ ಮಧ್ಯೆ ದಯವಿಟ್ಟು ಕೂಗಬೇಡಿ ಅಂದ, ನೂರಾರು ಕತ್ತು ಇತ್ತ ತಿರುಗಿದವು. ಅವರಿಗೇನು ಗೊತ್ತು, ಗೋಧಿ ಬೆಳೆಯುವ ತಮ್ಮ ಸೀಮೆಯಲ್ಲಿ ಶನಿವಾರದ ಆಟಕ್ಕೆ ಅಂಪೈರು ಗಿಂಪೈರು ಇರುವುದಿಲ್ಲ, ನಿನ್ನ ಕಡೆ ಬಿದ್ದ ಚೆಂಡಿಗೆ ನೀನೇ ಹೇಳಬೇಕು, ತಕ್ಷಣ, ಎಲ್ಲರಿಗೂ ಕೇಳುವ ಹಾಗೆ, ಅನುಮಾನ ಬಂದರೆ ಎದುರಿನವರಿಗೆ ಬಿಟ್ಟುಕೊಡಬೇಕು, ಶುಕ್ರವಾರ ಸಂಜೆ ಕೆಂಪು ಮಣ್ಣಿಗೆ ನೀರು ಚಿಮುಕಿಸಿ ರೋಲರ್ ಎಳೆದು ಶನಿವಾರ ಅದೇ ಮಣ್ಣಿನ ಮೇಲೆ ಜೀವಮಾನವೆಲ್ಲ ಹಾಗೆ ಕೂಗಿದವನು ಕ್ಲೆಮ್, ಅವನು ಕೂಗಿದ ಚೆಂಡನ್ನು ಸುತ್ತಲ ಯಾವ ಕ್ಲಬ್ಬಿನವರೂ ಒಮ್ಮೆಯೂ ಪ್ರಶ್ನಿಸಿದ್ದಿಲ್ಲ, ಇವತ್ತು ಗೆರೆ ಅವನದಾಗಿರಲಿಲ್ಲ ಅಷ್ಟೇ. ಜನೀನ್ ಹಣೆಗೆ ಕೈ ಒತ್ತಿಕೊಂಡಿದ್ದಳು. ಮುಗಿಯಿತು, ಸೋಮವಾರ. ನೋಲಾ, ಕ್ಲೆಮ್ ಪಿಸುಗುಟ್ಟಿದ, ಬೆರಳು ಇನ್ನೂ ಅರ್ಧ ಮೇಲೇ, ನಾನು ಕೂಗಬಾರದಾಗಿತ್ತಾ? ಏನಿಲ್ಲ ಬಿಡು ಅಂದಳು. ಆದರೆ ಬದಿ ಬದಲಿಸುವಾಗ ಆ ಹುಡುಗ ಇವರ ಸಾಲಿನ ಕೆಳಗೆ ನಿಂತು ತಾನೂ ತೋರುಬೆರಳೆತ್ತಿ ನಕ್ಕ, ಕ್ಲೆಮ್ ಎದ್ದು ಟೋಪಿ ತೆಗೆದು ತಲೆ ಬಾಗಿಸಿದ, ಜನ ಚಪ್ಪಾಳೆ ತಟ್ಟಿದರು, ಬೈದವನೂ ತಟ್ಟಿದ, ಟ್ರೆವರ್ ನಿಮ್ಗೆ ಇಲ್ಲೇ ಕೆಲ್ಸ ಸಿಗೋ ಹಾಗಿದೆ ಯಜಮಾನ್ರೇ ಅಂದ, ಆ ಯಂತ್ರಕ್ಕೆ ರಜಾ ಕೊಟ್ಬಿಡ್ತಾರೆ, ಜನೀನ್ ನಗಲು ಹೋಗಿ ಅತ್ತಳು, ಅಪ್ಪನ ಭುಜಕ್ಕೆ ಕೆನ್ನೆ ಇಟ್ಟಳು. ಎಷ್ಟೋ ವರ್ಷವಾಗಿತ್ತು ಅವಳು ಹಾಗೆ ಇಟ್ಟು.

ನೋಲಾ ಅವನನ್ನು ಶೌಚಕ್ಕೆ ಕರೆದುಕೊಂಡು ಹೋದದ್ದು ಆಮೇಲೆ. ಗಂಡಸರ ಸಾಲು ಆ ಕಡೆ, ಹೆಂಗಸರ ಸಾಲು ಈ ಕಡೆ, ನಡುವೆ ಸೊಂಟದೆತ್ತರದ ಬೇಲಿ, ಅವಳು ಬೇಲಿಗೆ ಒರಗಿ ಕಾದಳು, ಸೊಂಟದ ಕೀಲು ಚುಚ್ಚುತ್ತಿತ್ತು. ಕ್ಲೆಮ್ ಹೊರಗೆ ಬಂದ, ಕೈ ಒರೆಸಿಕೊಂಡ, ಅವಳನ್ನು ನೋಡಿದ, ನೇರ ಬೇಲಿಯ ಹತ್ತಿರ ಬಂದು ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ ಕೈ ಚಾಚಿದ — ಆಟ ಮುಗಿದ ಮೇಲೆ ನೆಟ್ಟಿನ ಮೇಲಿಂದ ಚಾಚುವ ಹಾಗೆ. ಚೆನ್ನಾಗಿ ಆಡಿದ್ರಿ ಅಂದ. ನೀವು ಯಾವ ಕ್ಲಬ್ಬಿನವರು? ಅವಳು ಸಾಕು ತಮಾಷೆ ಕ್ಲೆಮ್, ನಡಿ, ಬಿಸಿಲು ಅಂದಳು. ಅವನು ತಬ್ಬಿಬ್ಬಾದ. ಕೈ ಹಾಗೇ ಇತ್ತು. ಅವಳು ಅದನ್ನೇ ನೋಡಿದಳು, ರ‍್ಯಾಕೆಟ್ಟು ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ, ಬಡಗಿಕೆಲಸದ ಗಂಟುಬೆರಳುಗಳು, ಹಿಡಿಯಬೇಕು ಅಂತ ತೋಚಲಿಲ್ಲ. ಕೊನೆಗೆ ಅವನೇ ಕೈ ಹಿಂದಕ್ಕೆ ತೆಗೆದುಕೊಂಡ, ಸಂಕೋಚದಿಂದ ಪ್ಯಾಂಟಿಗೆ ಒರೆಸಿಕೊಂಡ. ಟೀಗೆ ನಿಂತ್ಕೊಳ್ಳಿ ಅಂದ, ನನ್ನ ಹೆಂಡ್ತಿ ಕ್ಲಬ್ಬಿನೊಳಗೆ ತಟ್ಟೆ ಜೋಡಿಸ್ತಿದ್ದಾಳೆ, ನಾನು ಕಾಣದಿದ್ರೆ ಗಾಬರಿಯಾಗ್ತಾಳೆ, ಬರ್ತೀನಿ. ಹೋಗಿಯೇಬಿಟ್ಟ, ಜನರೊಳಗೆ, ಆ ನಡಿಗೆಗೆ ವಯಸ್ಸೇ ಆಗಿಲ್ಲ, ಅವಳು ಬೇಲಿ ಸುತ್ತಿ ಬರುವಷ್ಟರಲ್ಲಿ ನೂರು ಟೋಪಿ, ಎಲ್ಲವೂ ಅವನ ಟೋಪಿಯಂತೆಯೇ, ಕ್ಲೆಮ್, ಕ್ಲೆಮ್, ಅವನು ತಿರುಗಲಿಲ್ಲ, ಪರಿಚಯವಿಲ್ಲದ ಹೆಂಗಸು ಕೂಗಿದರೆ ಯಾರು ತಿರುಗುತ್ತಾರೆ. ದೊಡ್ಡ ಬಾಗಿಲ ಬಳಿ ಸಿಕ್ಕಿದ, ಕಾವಲಿನ ಹುಡುಗಿಗೆ ಹೇಳುತ್ತಿದ್ದ, ಸಣ್ಣಗಿದ್ದಾಳೆ, ಕಂದು ಕೂದಲು, ಹೆಸರು ನೋಲಾ. ಹುಡುಗಿ ಇವಳತ್ತ ನೋಡಿ ಇವರೇನಾ ತಾತ ಅಂದಳು. ಕ್ಲೆಮ್ ತಿರುಗಿ ನೋಡಿದ, ಪ್ರೀತಿಯಿಂದಲೇ ನೋಡಿದ. ಅಲ್ಲಮ್ಮ, ಇವರು ಎದುರು ಕ್ಲಬ್ಬಿನವರು, ಪಾಪ, ಒಳ್ಳೆಯವರು. ನೋಲಾ ಇರೋ ಜಾಗ ನಂಗೊತ್ತು, ಬನ್ನಿ, ಕರ್ಕೊಂಡು ಹೋಗ್ತೀನಿ, ಅಂದಳು ನೋಲಾ.

ಸೀಟಿಗೆ ಬಂದು ಕೂತಮೇಲೆ, ಅದೆಲ್ಲಿಂದ ಬಂತೋ, ಎಲ್ಲಿ ಹೋಗಿದ್ದೆ ನೋಲಾ, ಎಷ್ಟು ಹುಡುಕಿದೆ ನಿನ್ನ ಅಂದ, ಮೊಣಕೈ ಹಿಡಿದುಕೊಂಡ. ಬೇಲಿಯ ಬಳಿ ಆದದ್ದನ್ನು ಯಾರೂ ನೋಡಿಲ್ಲ. ಟ್ರೆವರ್ ಐಸ್‌ಕ್ರೀಮು ತರಲು ಹೋಗಿದ್ದಾನೆ, ಜನೀನ್ ಹತ್ತಿರ ಸರಿದು ಕೂತು ಮೆಲ್ಲಗೆ, ಅಮ್ಮ, ನಾವು ಮಾತಾಡ್ಕೊಂಡ್ವಿ, ಅಪ್ಪ ಮನೇಲೇ ಇರಲಿ, ಒಂದು ಸಲ ಔಟ್ ಅಂದಿದ್ದಕ್ಕೆ ಮನುಷ್ಯನ್ನ ಮನೆಯಿಂದ ಕಳ್ಸೋಕಾಗುತ್ತಾ, ನಾನೇ ಕಲ್ಲಾಗಿದ್ದೆ ಅನ್ಸುತ್ತೆ. ಗೆದ್ದಳು. ಬೇಡಿಕೊಳ್ಳದೆಯೇ ಗೆದ್ದಳು, ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ರಾತ್ರಿ ಅವನದೇ ಹಾಸಿಗೆ, ಅವಳ ಎಡಗಡೆ, ಬೆಳಿಗ್ಗೆ ಅವನ ಚಹಾ — ಆದರೆ ಹಿತ್ತಿಲ ಬಾಗಿಲಿಗೆ ಆಚೆ ಬರೀ ಕಟಾವಾದ ಗೋಧಿ ಹೊಲ, ಹೊಲದಾಚೆ ಕಾಲುವೆ, ಇವನು ಒಂದು ಬೆಳಿಗ್ಗೆ ಟೋಪಿ ಇಟ್ಟುಕೊಂಡು ನೋಲಾಳನ್ನು ಹುಡುಕಲು ಹೊರಡುತ್ತಾನೆ, ನೋಲಾ ಬಾಗಿಲಲ್ಲೇ ನಿಂತು ಕೂಗುತ್ತಾಳೆ, ಎದುರು ಕ್ಲಬ್ಬಿನ ಹೆಂಗಸು ಕೂಗುತ್ತಾಳೆ, ಅವನು ತಿರುಗುವುದಿಲ್ಲ, ಈ ಸೊಂಟ ಇಟ್ಟುಕೊಂಡು ಅವಳು ಆ ಕಾಲುವೆಯ ತನಕ — ಜನೀನ್, ಅಂದಳು. ಏನಮ್ಮ. ಆ ಹಾಸಿಗೆ ಬಿಡ್ಬೇಡ. ಏನಂದೆ? ಬಿಡ್ಬೇಡ ಅಂದೆ, ಸೋಮವಾರ ಕರ್ಕೊಂಡು ಹೋಗೋಣ. ಯಾಕಮ್ಮ, ಏನಾಯ್ತು, ಅಪ್ಪ ಎಷ್ಟು ಚೆನ್ನಾಗಿದ್ದಾರೆ ನೋಡು. ಚೆನ್ನಾಗಿದ್ದಾರೆ, ಹೌದು, ಚೆಂಡಿನ ಜೊತೆ ಕಣ್ಣು ಆಚೆ, ಈಚೆ, ಅವಳ ಮೊಣಕೈ ಇನ್ನೂ ಬಿಟ್ಟಿಲ್ಲ, ಜನೀನ್ ಏನೋ ಕೇಳುತ್ತಲೇ ಇದ್ದಾಳೆ, ಜನ ಏನಕ್ಕೋ ಹೋ ಅಂದರು, ನೋಲಾಗೆ ಬೇಲಿಯೊಂದೇ ಕಾಣುತ್ತಿದೆ, ಬೇಲಿಯ ಮೇಲಿಂದ ಬಂದ ಕೈ, ಹಿಡಿದು ಒಮ್ಮೆ ಕುಲುಕಿ ನೀವೂ ಚೆನ್ನಾಗಿ ಆಡಿದ್ರಿ ಅನ್ನಬಹುದಿತ್ತು, ಎಷ್ಟು ಹೊತ್ತಿನ ಕೆಲಸ, ಕಾಯುತ್ತಿತ್ತಲ್ಲ, ಅಂಗೈ ತೆರೆದು, ಆ ಕೈ, ಯಾರೂ ಹಿಡಿಯದ ಆ ಕೈ —