ಅಪ್ಪನ ಕಡೆಯ ಬ್ರೇಕು

ಗುಬ್ಬಿಗೆ ಏಳು ವರ್ಷ. ಕರೆಯುವುದು ಗುಬ್ಬಿಯೆಂದಾದರೂ ಆ ವರ್ಷ ಅವಳು ಬೆಳೆದದ್ದು ಮಾತ್ರ ಕೊಕ್ಕರೆಯ ಹಾಗೆ. ಅವಳ ಅಪ್ಪನದು ಬೂಟು, ಚಪ್ಪಲಿಗಳ ಅಂಗಡಿ. ಒಳಗೆ ಬಂದವರ ಮುಖ ನೋಡುವ ಮೊದಲೇ ಪಾದ ನೋಡಿ ಅಳತೆ ಹೇಳಿಬಿಡುವ ಮನುಷ್ಯ. ಮಗಳ ಶಾಲೆಯ ಬೂಟು ಹೊಸದು ಕೊಟ್ಟಂತೆಲ್ಲ ಬಿಗಿಯಾಗುತ್ತ ಹೋದಾಗ ಅವನಿಗೆ ಗಾಬರಿಯಾಗಲಿಲ್ಲ, ಹೆಮ್ಮೆಯಾಯಿತು.

"ನನ್ನ ಹಾಗೆ ಕುಳ್ಳಿ ಆಗಲ್ಲ ಇವಳು," ಎಂದು ಗಿರಾಕಿಗಳ ಮುಂದೆಲ್ಲ ಹೇಳಿಕೊಂಡ. ಮೇಲಿನ ಸಾಲಿನ ಡಬ್ಬಿ ತೆಗೆಯಲು ಅವನು ಸ್ಟೂಲು ಹತ್ತಬೇಕಿತ್ತು.

ಅಮ್ಮ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ದಿನವೂ ಅದೇ ವಯಸ್ಸಿನ ಮಕ್ಕಳನ್ನು ನೋಡುತ್ತಿದ್ದವಳಿಗೆ ಅನುಮಾನ ಮೊದಲೇ ಹತ್ತಿತ್ತು. ಮಗಳ ಹಣೆಯ ಮೇಲೆ ಮೊಡವೆ. ಆಡಿ ಬಂದರೆ ದೊಡ್ಡವರ ಹಾಗೆ ಬೆವರಿನ ವಾಸನೆ. ಪೆನ್ಸಿಲು ಮುರಿದರೂ ಧಡ್ಡನೆ ಬಾಗಿಲು ಹಾಕಿಕೊಳ್ಳುವಷ್ಟು ಸಿಡುಕು. ಒಂದು ಸಂಜೆ ಗುಬ್ಬಿ, "ಅಮ್ಮಾ, ಚೆಂಡು ತಗುಲಿದ್ರೆ ಎದೆ ನೋಯುತ್ತೆ," ಎಂದಾಗ ಅಮ್ಮನ ಅನುಮಾನ ಗಟ್ಟಿಯಾಯಿತು.

ಮಗಳನ್ನು ಮಲಗಿಸಿ ಅಡುಗೆಮನೆಯಲ್ಲಿ ಸಭೆ ಸೇರಿತು. ಅಪ್ಪ, ಅಮ್ಮ, ಅಪ್ಪನ ತಾಯಿ. ಅಜ್ಜಿ ತೀರ್ಪನ್ನು ಮೊದಲೇ ಬಾಯಲ್ಲಿಟ್ಟುಕೊಂಡು ಬಂದಿದ್ದರು.

"ಇಷ್ಟು ಬೇಗ ದೊಡ್ಡೋಳಾಗೋದು ಅಂದ್ರೆ? ನಮ್ಮ ಮನೆತನದಲ್ಲಂತೂ ಇಂಥದ್ದಿಲ್ಲಪ್ಪ," ಎಂದರು. ಕಣ್ಣು ಸೂರಿನ ಮೇಲಿತ್ತು, ಮಾತು ಮಾತ್ರ ನೇರವಾಗಿ ಸೊಸೆಗೆ ತಗುಲಿತು.

"ನಮ್ಮ ಮನೇಲೂ ಇಲ್ಲ ಅತ್ತೆ."

"ಹಾಗಾದ್ರೆ ಕೋಳಿ," ಎಂದರು ಅಜ್ಜಿ. "ಅದಕ್ಕೆ ಚುಚ್ಚಿ ಚುಚ್ಚಿ ಬೆಳೆಸ್ತಾರಂತೆ."

ಮರುದಿನದಿಂದ ಕೋಳಿ ಬಂದ್ ಆಯಿತು. ಆಮೇಲೆ ಹಾಲು. ಅಮ್ಮ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಹೊರಗಿಟ್ಟಳು. ಘಮಘಮ ಎನ್ನುವ ಸೋಪು, ತಲೆಗೆ ಹಚ್ಚುವ ಎಣ್ಣೆ ಅವುಗಳ ಹಿಂದೆಯೇ ಹೋದವು. ತಾನೂ ಏನಾದರೂ ಮಾಡಬೇಕಲ್ಲ ಎಂದು ಅಪ್ಪ ಟಿವಿಯ ವೈರು ಕಿತ್ತಿಟ್ಟ. ಅದರಿಂದ ಹೆಚ್ಚು ಕಷ್ಟವಾದದ್ದು ಅಜ್ಜಿಗೆ.

"ಈ ಮನೇಲಿ ಇನ್ನು ನೀರೊಂದೇ ಉಳಿದಿರೋದು," ಎಂದಳು ಗುಬ್ಬಿ.

"ಈಗಿನ ನೀರನ್ನೂ ನಂಬೋ ಹಾಗಿಲ್ಲ ಮಗಾ," ಎಂದು ಅಜ್ಜಿ ನಿಟ್ಟುಸಿರು ಬಿಟ್ಟರು.

ಇಷ್ಟೆಲ್ಲ ಆದಮೇಲೂ ಬೂಟು ಬಿಗಿಯಾಗುತ್ತಲೇ ಇತ್ತು. ಕೊನೆಗೆ ಅಮ್ಮ ಯಾರನ್ನೂ ಕೇಳದೆ ಮಕ್ಕಳ ಗ್ರಂಥಿ, ಹಾರ್ಮೋನುಗಳ ಡಾಕ್ಟರ ಬಳಿ ಸಮಯ ಗೊತ್ತುಮಾಡಿದಳು. ಅಪ್ಪ ಅಂಗಡಿ ಮುಚ್ಚಿ ಬಂದ. ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಅವರು ಎಲ್ಲರಿಗಿಂತ ಮೊದಲೇ ಹೋಗಿ ಕಾರಿನಲ್ಲಿ ಕೂತಿದ್ದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಗುಬ್ಬಿಯ ಎತ್ತರ ಅಳೆದರು, ತೂಕ ನೋಡಿದರು, ಅಮ್ಮನನ್ನು ಜೊತೆಗಿಟ್ಟುಕೊಂಡು ಪರದೆಯ ಹಿಂದೆ ಪರೀಕ್ಷೆ ಮಾಡಿದರು, ಎಡಗೈಯ ಎಕ್ಸ್‌ರೇ ತೆಗೆಸಿದರು. ಆಮೇಲೆ ಆ ಚಿತ್ರವನ್ನು ಬೆಳಕಿಗೆ ಹಿಡಿದು, "ಮಗೂಗೆ ಏಳು. ಮೂಳೆಗೆ ಆಗಲೇ ಹತ್ತು," ಎಂದರು.

"ಅದಕ್ಕೇ ಎತ್ತರ ಆಗ್ತಿದಾಳೆ, ಒಳ್ಳೇದಲ್ವಾ?" ಎಂದ ಅಪ್ಪ.

"ಈಗ ಎತ್ತರ. ಆದ್ರೆ ಮೂಳೆ ಬೇಗ ಬಲಿತು, ಬೆಳವಣಿಗೆ ಬೇಗ ನಿಂತುಹೋಗುತ್ತೆ. ಕೊನೆಗೆ ಎಲ್ಲರಿಗಿಂತ ಕುಳ್ಳಿಯಾಗಿ ಉಳೀಬಹುದು."

ಅಪ್ಪ ಮಗಳ ಬೂಟಿನ ಕಡೆ ನೋಡಿದ.

"ಕೋಳಿಯಿಂದ ತಾನೇ?" ಎಂದರು ಅಜ್ಜಿ.

"ಕೋಳಿಯನ್ನ ಬಿಡಿ ಅಜ್ಜಿ. ಮೈತೂಕ ಜಾಸ್ತಿ ಇದ್ರೆ ಒಂದೊಂದು ಸಲ ಬೇಗ ಶುರುವಾಗುತ್ತೆ, ಇವಳು ನೋಡಿದ್ರೆ ಕಡ್ಡಿ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗೋದೇ ಇಲ್ಲ. ಕೆಲವರಿಗೆ ರಕ್ತದಲ್ಲೇ ಬಂದಿರುತ್ತೆ. ನೀವು ಯಾವಾಗ ಮೈನೆರೆದಿದ್ದು?" ಎಂದು ಡಾಕ್ಟರು ಅಮ್ಮನನ್ನು ಕೇಳಿದರು.

ಅಜ್ಜಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಹದಿನಾಲ್ಕು ತುಂಬಿದ ಮೇಲೆ. ನಮ್ಮ ಕ್ಲಾಸಿಗೇ ನಾನು ಕೊನೆಯವಳು," ಎಂದಳು ಅಮ್ಮ.

"ನಂದೂ ಹಾಗೇ, ತಡವಾಗೇ," ಎಂದು ಅಜ್ಜಿ ಕೇಳದೆಯೇ ಹೇಳಿದರು. ಅತ್ತೆ ಸೊಸೆ ಜೀವನದಲ್ಲಿ ಮೊದಲ ಸಲ ಒಂದೇ ಕಡೆಯ ಸಾಕ್ಷಿಗಳಾದರು.

ಡಾಕ್ಟರು ಅಪ್ಪನ ಕಡೆ ತಿರುಗಿದರು. "ನಿಮ್ಮದು?"

"ನಂದಾ?" ಅಪ್ಪ ಹಿಂದಕ್ಕೆ ನೋಡಿದ. ಹಿಂದೆ ಗೋಡೆಯಿತ್ತು. "ನಾನು ಗಂಡಸು ಡಾಕ್ಟ್ರೇ."

"ಗಂಡಸರೇನು ಮೀಸೆ ಇಟ್ಕೊಂಡೇ ಹುಟ್ಟಿರ್ತಾರಾ?"

ಅಪ್ಪ ಕೆಮ್ಮಿದ. ಅವನ ಬದಲು ಉತ್ತರಿಸಿದ್ದು ಅಜ್ಜಿ. ಮಗನ ವಿಷಯ ಬಂದರೆ ಅವರ ನಾಲಿಗೆಗೆ ತಡೆಯಿಲ್ಲ.

"ನನ್ನ ಮಗನಾ? ನಾಲ್ಕನೇ ಕ್ಲಾಸಲ್ಲೇ ಮೀಸೆ ಚಿಗುರಿತ್ತು! ಶಾಲೆಯ ನಾಟಕದಲ್ಲಿ ಇವನಿಗೇ ರಾಜನ ಪಾರ್ಟು, ಅಂಟಿಸೋ ಕೆಲಸಾನೇ ಇರಲಿಲ್ಲ. ದನಿ ಅಂದ್ರೆ ಗುಡುಗು. ಬಸ್ಸಿನವನು ಅರ್ಧ ಟಿಕೆಟ್ ಕೊಡ್ತಾನೇ ಇರಲಿಲ್ಲ, ಇಡೀ ಕ್ಲಾಸಿಗೆ ಇವನೇ ಎತ್ತರ, ಆಮೇಲೆ ಅದ್ಯಾಕೋ..."

ಎಲ್ಲರೂ ಅಪ್ಪನನ್ನು ನೋಡಿದರು. ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ವಯಸ್ಸಾಗೋವರೆಗೂ ಮೈಯನ್ನ ತಡೆದು ಹಿಡಿಯೋಕೆ ಒಳಗೆ ಒಂದು ಬ್ರೇಕ್ ಇರುತ್ತೆ ಅಂದ್ಕೊಳ್ಳಿ. ಅದಕ್ಕೆ ಸೇರಿದ ಒಂದು ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತೆ, ಆದ್ರೆ ಕೆಲಸ ಮಾಡೋದು ಅಪ್ಪನಿಂದ ಬಂದಿದ್ದು ಮಾತ್ರ. ಅಮ್ಮನದು ಸುಮ್ಮನೆ ಮಲಗಿರುತ್ತೆ. ಅಪ್ಪನದೇ ಕೆಟ್ಟಿದ್ರೆ ಬ್ರೇಕ್ ಹಿಡಿಯಲ್ಲ. ರಕ್ತ ಪರೀಕ್ಷೆ ಮಾಡಿ ನೋಡೋಣ."

ಅಮ್ಮ ಕೈಚೀಲದಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡಳು, ನಗುವಿಗೆ ಭುಜ ಕುಣಿಯುತ್ತಿತ್ತು.

ಅಜ್ಜಿ ಒಂದು ಗಳಿಗೆ ಯೋಚಿಸಿದರು. "ಅಪ್ಪನದು ಮಾತ್ರ ಕೆಲಸ ಮಾಡೋದು ಅಂದ್ರಾ? ಹಾಗಿದ್ರೆ ಇವನಿಗೂ ಇವನ ಅಪ್ಪನಿಂದಲೇ ಬಂದಿರಬೇಕು."

"ಹೌದು, ಹಾಗೇ ಇರಬೇಕು," ಎಂದರು ಡಾಕ್ಟರು.

"ಹೇಳಲಿಲ್ವಾ? ನನ್ನ ಕಡೆಯದಲ್ಲ," ಎಂದು ಅಜ್ಜಿ ಸೆರಗು ಸರಿಮಾಡಿಕೊಂಡರು. ತಾತ ತೀರಿಹೋಗಿ ಬಹಳ ಕಾಲವಾಗಿತ್ತು, ಎದುರಾಡುವ ಸ್ಥಿತಿಯಲ್ಲಿರಲಿಲ್ಲ.

ಪರೀಕ್ಷೆಗಳ ಫಲಿತಾಂಶ ಡಾಕ್ಟರು ಹೇಳಿದಂತೆಯೇ ಬಂತು. ಮಿದುಳಲ್ಲಿ ಗಡ್ಡೆಯೇನಾದರೂ ಇದೆಯೇ ಎಂದು ಮಾಡಿಸಿದ ತಲೆಯ ಸ್ಕ್ಯಾನಿನಲ್ಲಿ ಏನೂ ತೊಂದರೆಯಿಲ್ಲ ಎಂದು ತಿಳಿದಾಗ ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಬೆಳವಣಿಗೆಯನ್ನು ಸ್ವಲ್ಪ ಕಾಲ ತಡೆಯಲು ಇಂಜೆಕ್ಷನ್ ಇದೆ, ತಕ್ಕ ವಯಸ್ಸು ಬಂದಾಗ ನಿಲ್ಲಿಸಬಹುದು ಎಂದಿದ್ದರು ಡಾಕ್ಟರು.

ಗುಬ್ಬಿ ಮಾತ್ರ ಒಪ್ಪಲಿಲ್ಲ. ಹಿಂದಿನ ಬೆಂಚು, ಆಟದಲ್ಲಿ ಗೋಲು ಕಾಯುವ ಕೆಲಸ, ಎಲ್ಲ ಅವಳ ಎತ್ತರದಿಂದ ಸಿಕ್ಕಿದ್ದು. "ನನ್ನನ್ನ ಮತ್ತೆ ಚಿಕ್ಕೋಳು ಮಾಡಿಬಿಡ್ತೀರಿ," ಎಂದು ಮಂಚದ ಕೆಳಗೆ ಸೇರಿಕೊಂಡಳು.

ಅಪ್ಪ ಪಕ್ಕದಲ್ಲೇ ನೆಲದ ಮೇಲೆ ಮಲಗಿದ.

"ನಾನು ರಾಜನ ಪಾರ್ಟು ಮಾಡಿದ್ದು ಅಜ್ಜಿ ಹೇಳಿದ್ರಲ್ಲ. ಮೀಸೆ ಬೋಳಿಸೋಕೆ ಹೋಗಿ ಹುಬ್ಬು ಬೋಳಿಸಿಕೊಂಡಿದ್ದು ಹೇಳಲಿಲ್ಲ."

ಮಂಚದ ಕೆಳಗೆ ಗುಬ್ಬಿ ಹೊರಳಿದ ಸದ್ದು.

"ಹೊಸ ಮೇಷ್ಟ್ರು ಬಂದ ದಿನ ಎದ್ದು ನಿಂತೆ. ನಾನೇ ಯಾವುದೋ ಹುಡುಗನ ಅಪ್ಪ ಅಂದ್ಕೊಂಡು, 'ಬನ್ನಿ, ಕೂತ್ಕೊಳ್ಳಿ' ಅಂದ್ರು."

ಕೆಳಗಿನಿಂದ ಒಂದು ಕಿಸಕ್.

"ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ. ನನಗೆ ಏನಾಗ್ತಿದೆ ಅಂತ ಯಾರೂ ಹೇಳಲಿಲ್ಲ ಗುಬ್ಬಿ. ನಿನಗೆ ನಾವೆಲ್ಲ ಹೇಳ್ತೀವಿ. ಡಾಕ್ಟ್ರಿಗೂ ಗೊತ್ತು."

ಸ್ವಲ್ಪ ಹೊತ್ತಿಗೆ ಧೂಳು ಮೆತ್ತಿದ ಒಂದು ಕೈ ಹೊರಬಂದು ಅವನ ಮೂಗನ್ನು ಹಿಡಿಯಿತು.

ಮೊದಲ ಇಂಜೆಕ್ಷನ್ನಿಗೆ ಗುಬ್ಬಿ ಅಳಲಿಲ್ಲ. ಅಪ್ಪ ಅತ್ತ. ನರ್ಸು ಅವನಿಗೂ ಒಂದು ಪೆಪ್ಪರಮೆಂಟು ಕೊಟ್ಟಳು.

ಆ ಸಂಜೆ ಅಪ್ಪ ತನ್ನ ತಮ್ಮನಿಗೆ ಫೋನು ಮಾಡಿದ. ತಮ್ಮನಿಗೂ ಐದು ವರ್ಷದ ಮಗಳು. ಅವಳನ್ನೂ ಒಮ್ಮೆ ಕರೆತಂದು ತೋರಿಸಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಏ, ಅದೆಲ್ಲ ನಿನಗೆ ಮಾತ್ರ ಅಣ್ಣ. ನನಗೆ ಅಂಥದ್ದೇನೂ ಇರಲಿಲ್ಲ," ಎಂದ ತಮ್ಮ.

ಅಜ್ಜಿ ಫೋನನ್ನು ಕಸಿದುಕೊಂಡರು. "ಏನೂ ಇರಲಿಲ್ವಾ? ಮೂರನೇ ಕ್ಲಾಸಲ್ಲಿ ನಿನ್ನ ದನಿ ಒಡೆದಾಗ ಶೀತ ಅಂತ ಒಂದು ವರ್ಷ ಕಷಾಯ ಕುಡಿಸಿದ್ದು ಯಾರಿಗೋ? ಸುಮ್ಮನೆ ಮಗೂನ ಕರ್ಕೊಂಡು ನಡಿ!"