ಬಾಣದ ಹಾಡಿನ ಕೊನೆ

ಒಂದು ಕಾಲಕ್ಕೆ ಹೊಸಪೇಟೆಯಲ್ಲಿ ಮದುವೆಯ ದಿನ ಗೊತ್ತುಮಾಡುವ ಮೊದಲೇ ಜನ ಎರ್ರಿಯಪ್ಪನ ಮನೆಗೆ ಬಂದು, "ಅಣ್ಣಾ, ನಿನ್ನ ಬ್ಯಾಂಡು ಯಾವತ್ತು ಖಾಲಿ ಐತಿ?" ಎಂದು ಕೇಳುತ್ತಿದ್ದರು. ಅದು ಅದಿರಿನ ಲಾರಿಗಳು ಸಾಲುಗಟ್ಟುವ ಮುಂಚಿನ ಮಾತು. ಸಂಡೂರಿನ ಗುಡ್ಡ ಕಡಿದು ಮಾರಿದವರ ಕೈಗೆ ದುಡ್ಡು ಬಂದದ್ದೇ ತಡ, ಮೆರವಣಿಗೆಗೆ ಬ್ಯಾಂಡು ಹೋಗಿ ಡಿಜೆ ಬಂತು. ಮನೆಯ ಕಿಟಕಿ ಗಡಗಡ ಅಲುಗದಿದ್ದರೆ ಅದೂ ಒಂದು ಮದುವೆಯೇ ಎನ್ನುವಂತಾಯಿತು.

"ಈ ಹಂಪೇಶನ ಮದುವಿ ಒಂದು ಮುಗೀಲಿ. ಆಮ್ಯಾಲೆ ಟ್ರಂಪೆಟ್ಟು, ಡ್ರಮ್ಮು, ಎಲ್ಲಾ ಬಳ್ಳಾರಿ ಸೇಟುಗೆ ಮಾರಿ ಕೈ ತೊಳಕಂತೀನಿ," ಎಂದ ಎರ್ರಿಯಪ್ಪ.

"ನೀ ಕೊಡ್ತೀನಂದ್ರ ನಾ ಬಿಡಬೇಕಲ್ಲ," ಎಂದಳು ಮಗಳು ತ್ರಿವೇಣಿ.

ತ್ರಿವೇಣಿ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವವಳು. ತಳ್ಳುಗಾಡಿಯ ಮೇಲೆ ಬ್ಯಾಟರಿ, ಮೈಕಿನ ಹಾರ್ನು, ಅದರ ನಡುವೆ ಅವಳು. ಹೆಣ್ಣುಮಗಳು ರಸ್ತೆಯಲ್ಲಿ ಬಾರಿಸುವುದೇ ಎಂದು ಮೂಗು ಮುರಿದವರ ಎದುರೇ ಬಾರಿಸಿ ಬೆಳೆದವಳು. ಈ ಬ್ಯಾಂಡು ಹೋದರೆ ಅವಳಿಗೆ ಉಳಿಯುವುದು ಯಾವುದೋ ಅಂಗಡಿಯ ಗಲ್ಲಾದ ಹಿಂದಿನ ಸ್ಟೂಲು. ಅದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

ಇನ್ನು ಮದುಮಗ ಹಂಪೇಶನ ವಿಷಯ. ಅಪ್ಪನದು ಲಾರಿಗಳು, ಇವನದು ಸ್ಟೇಷನ್ ರೋಡಿನ ಎಸಿ ಹಾಕಿದ ಗೇಮ್ ಪಾರ್ಲರು. ಅಲ್ಲೊಂದು ಕುಣಿಯುವ ಮಷೀನಿತ್ತು. ಕಾಲಡಿಯ ಹಲಗೆಯಲ್ಲಿ ನಾಲ್ಕು ಬಾಣ. ಎದುರಿನ ಪರದೆಯಲ್ಲಿಯೂ ಹಾಡಿನ ಜೊತೆ ಬಾಣಗಳು ಏರಿ ಬರುತ್ತವೆ. ಯಾವುದು ಬಂತೋ ಅದನ್ನು ತಾಳಕ್ಕೆ ಸರಿಯಾಗಿ ತುಳಿಯಬೇಕು. ಹಾಡು ಜಪಾನಿನದಂತೆ, ಮಾತಿಲ್ಲ ಕಥೆಯಿಲ್ಲ. ಆದರೂ ಊರಿಗೆ ಊರೇ ಅದಕ್ಕೆ ಮರುಳಾಗಿತ್ತು. ಮೊಬೈಲಿನಲ್ಲಿ ಅದೇ ರಿಂಗ್‌ಟೋನು, ಹಂಪಿಗೆ ಹೋಗುವ ಆಟೋದವರ ಸಿಳ್ಳೆಯಲ್ಲಿ ಅದೇ. ಹಂಪೇಶ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ನನ್ನ ಮೆರವಣಿಗ್ಯಾಗ ಬಾಣದ ಹಾಡು ಬಾರಿಸಿದ್ರ ಬ್ಯಾಂಡು. ಇಲ್ಲಾಂದ್ರ ನಮ್ಮ ಮಾವ ಡಿಜೆ ಲಾರಿ ತರಿಸ್ಯಾನ, ಹಿಂದ ನಿಂತಿರ್ತತಿ."

"ಮಷೀನಿನ ಹಾಡು ನಾ ಊದಾಂಗಿಲ್ಲ," ಎಂದ ಎರ್ರಿಯಪ್ಪ.

"ನೀ ಊದಬ್ಯಾಡ, ಸುಮ್ಕ ಮುಂದ ನಡಿ. ನಾವು ನೋಡ್ಕಂತೀವಿ," ಎಂದಳು ತ್ರಿವೇಣಿ.

ಅವರ ಬ್ಯಾಂಡಿನಲ್ಲಿ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಹಾಡನ್ನು ಕಿವಿಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬೇಕು: ತಾರಿ ರೀರಿ ಪಾಂ ಪಾಂ, ತಾರಿ ರೀರಿ ಪಾಂ. ಬಾಯಿಗೆ ಬಂದಮೇಲೆ ಬೆರಳಿಗೆ. ಡ್ರಮ್ಮಿನ ಹಾಲೇಶ್, ಕ್ಲಾರಿನೆಟ್ಟಿನ ಉಚ್ಚೆಂಗೆಪ್ಪ ಇಬ್ಬರನ್ನೂ ಕಟ್ಟಿಕೊಂಡು ತ್ರಿವೇಣಿ ಪಾರ್ಲರಿನ ಗೋಡೆಗೆ ಆತು ನಿಂತಳು. ಕುಣಿಯುವ ಹುಡುಗರು ಒಬ್ಬರಾದಮೇಲೆ ಒಬ್ಬರು ಏರುತ್ತಿದ್ದರು, ಹಾಡಿನ ವೇಗ ದುಪ್ಪಟ್ಟಾಗುವ ಜಾಗಕ್ಕೆ ಬಂದ ಕೂಡಲೇ ಕಾಲಿಗೆ ಕಾಲು ತೊಡರಿ ಇಳಿಯುತ್ತಿದ್ದರು. ಕುಣಿಯಲಾರದವರಿಗೆ ನೆಲ ಡೊಂಕು ಅಂತಾರಲ್ಲ, ಹಾಗೆ ಎಲ್ಲರೂ ಬಾಣದ ಮೇಲಿನ ಅದಿರಿನ ಧೂಳನ್ನೇ ಬೈಯುವವರು. ಆಗ ಮಷೀನು ಪೇಂ ಪೇಂ ಪೇಂಯ್ಯ್ ಎಂದು ಅಳುತ್ತ ಇಳಿಯುವ ಒಂದು ಸ್ವರ ಹಾಕುತ್ತಿತ್ತು.

ಉಚ್ಚೆಂಗೆಪ್ಪನಿಗೆ ಅದು ಭಾಳ ಹಿಡಿಸಿತು. "ಏನ್ ಕೊನಿ ಮಾಡ್ಯಾರ ನೋಡವ್ವ! ಕ್ಲಾರಿನೆಟ್ಟಿಗೇ ಹೇಳಿ ಮಾಡಿಸ್ದಂಗೈತಿ," ಎಂದ. ಪ್ರತಿ ಸಲವೂ ಹಾಡು ಹಾಗೆಯೇ ಮುಗಿಯುತ್ತಿದ್ದುದರಿಂದ ತ್ರಿವೇಣಿಗೂ ಅನುಮಾನ ಬರಲಿಲ್ಲ. ಹೊಸಪೇಟೆಯಲ್ಲಿ ಆ ಹಾಡನ್ನು ಪೂರ್ತಿ ಕುಣಿದು ಮುಗಿಸಿದವರು ಒಬ್ಬರೂ ಇರಲಿಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಮೆರವಣಿಗೆಯ ಸಂಜೆ ಹಂಪೇಶ ತೆರೆದ ಜೀಪಿನಲ್ಲಿ ಕುಳಿತಿದ್ದ. ಹಿಂದೆ ಡಿಜೆ ಲಾರಿ ಬಾಯಿ ಮುಚ್ಚಿಕೊಂಡು ಬರುತ್ತಿತ್ತು. ಎರ್ರಿಯಪ್ಪ ಹಳೆಯ ಹಾಡೆರಡು ಊದಿ ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ತ್ರಿವೇಣಿ ಬಾಣದ ಹಾಡು ಎತ್ತಿದಳು. ಅಬ್ಬಬ್ಬಾ! ಓಣಿ ಓಣಿಯಿಂದ ಹುಡುಗರು ಉಕ್ಕಿ ಬಂದರು. ಕೆಂಪು ಧೂಳಿನ ರಸ್ತೆಯ ಮೇಲೆ ಇಲ್ಲದ ಬಾಣಗಳನ್ನು ತುಳಿಯುತ್ತ ಎಡಕ್ಕೆ ಬಲಕ್ಕೆ ಹಾರಿದರು. ಮುದುಕರೂ ತಲೆಯಾಡಿಸಿದರು. ತ್ರಿವೇಣಿಗೆ ಖುಷಿ ತಡೆಯಲಾಗಲಿಲ್ಲ.

ಕಲ್ಯಾಣಮಂಟಪದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಹೆಂಗಸರು ಕಾಯುತ್ತಿದ್ದರು. ಜೀಪು ಅಲ್ಲಿ ನಿಂತಿತು. ಸರಿಯಾಗಿ ಅದೇ ಹೊತ್ತಿಗೆ ಉಚ್ಚೆಂಗೆಪ್ಪ ಕಣ್ಣು ಮುಚ್ಚಿ, ತನ್ನ ಪ್ರೀತಿಯ ಕೊನೆಯನ್ನು ಎಳೆದೆಳೆದು ಊದಿದ. ಪೇಂ ಪೇಂ ಪೇಂಯ್ಯ್.

ಪಾರ್ಲರಿನಲ್ಲಿ ಆ ಸ್ವರ ಬಂದಾಗಲೆಲ್ಲ ಕೂಗಿ ರೂಢಿಯಾದ ಹುಡುಗರು ಒಂದೇ ಕಂಠದಲ್ಲಿ ಕೂಗಿದರು: "ಸತ್ತಾ! ಸತ್ತಾ!"

ಹಂಪೇಶನ ಅಜ್ಜಿ ಕೊಟ್ರಮ್ಮ ಆರತಿ ತಟ್ಟೆ ಹಿಡಿದೇ ಜೀಪಿನ ಮುಂದಕ್ಕೆ ಬಂದಳು. "ಬಿಡ್ತು ಅನ್ರಲೇ, ಬಿಡ್ತು ಅನ್ರಿ! ಮದುಮಗನ ಮುಂದ ಎಂಥಾ ಮಾತ್ಲೇ ಅದು? ಈ ದರಿದ್ರ ಬ್ಯಾಂಡು ನಿಲ್ಲಿಸ್ರಿ! ಆ ಲಾರಿ ಮುಂದ ತರ್ರಿ!"

ತ್ರಿವೇಣಿಗೆ ಆಗ ಹೊಳೆಯಿತು. ಅಯ್ಯೋ, ಅದು ಹಾಡಿನ ಕೊನೆಯಲ್ಲ, ಸೋತವನ ಅಳು! ಇಷ್ಟು ದಿನ ಸೋಲನ್ನೇ ಬಾಯಿಪಾಠ ಮಾಡಿದ್ದೇವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಹಿಂದೆ ಲಾರಿ ಸ್ಟಾರ್ಟ್ ಆಯಿತು. ಎರ್ರಿಯಪ್ಪ ತಲೆ ತಗ್ಗಿಸಿ, "ಸಾಕು ಇಳಿಯವ್ವ, ಮಾನ ಹೋತು," ಎಂದ.

"ಇಳಿಯಂಗಿಲ್ಲ," ಎಂದಳು ತ್ರಿವೇಣಿ.

ಹಾಡು ಇಲ್ಲಿ ನಿಂತರೆ ಊರು ನೆನಪಿಡುವುದು ಆ ಒಂದೇ ಮಾತನ್ನು. ಅದಾಗಬಾರದು. ಅವಳು ವೇಗ ದುಪ್ಪಟ್ಟಾಗುವ ಜಾಗದಿಂದಲೇ ಮತ್ತೆ ಎತ್ತಿದಳು. ಎಲ್ಲರೂ ಬೀಳುತ್ತಿದ್ದ ಆ ಜಾಗ ದಾಟಿದಳು. ಮುಂದೇನೆಂದು ಅವಳಿಗೆ ಗೊತ್ತಿರಲಿಲ್ಲ, ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಹೋಯಿತು, ತಾನೇ ಮಾಡಿದರಾಯಿತು ಎಂದು ಹಲ್ಲು ಕಚ್ಚಿ ಬೆರಳು ಓಡಿಸಿದಳು. ಹಾಲೇಶ್ ಒಂದು ಗಳಿಗೆ ಬೆಪ್ಪಾಗಿ ನೋಡಿ, ಡ್ರಮ್ಮಿಗೆ ಕೋಲು ಹಾಕಿದ. ಪಾಪ, ಉಚ್ಚೆಂಗೆಪ್ಪನಿಗೆ ಊದುವ ಧೈರ್ಯವೇ ಆಗಲಿಲ್ಲ. ಸ್ವರ ಏರುತ್ತ ಹೋಯಿತು, ಕೀಬೋರ್ಡಿನ ದನಿ ಒಂಟಿಯಾಗಿ ತೆಳ್ಳಗೆ ಕೇಳಿತು.

ಆಗ ಟ್ರಂಪೆಟ್ಟು ಬಂದು ಸೇರಿತು.

ಬ್ಯಾಂಡಿನವರೆಲ್ಲ ಯಾವಾಗಲೂ ನೋಡುವುದು ಎರ್ರಿಯಪ್ಪನ ಹೆಗಲನ್ನು. ಅದು ಅಲುಗಿದಂತೆ ಅವರ ಹಾಡು ತಿರುಗಬೇಕು. ಇವತ್ತು ಎರ್ರಿಯಪ್ಪ ಗಾಡಿಯ ಕಡೆ ಮುಖ ಮಾಡಿ, ಮಗಳ ಹೆಗಲನ್ನೇ ನೋಡುತ್ತ ಊದುತ್ತಿದ್ದ. ಅವಳು ಏರಿದಲ್ಲಿ ಏರಿದ, ತಡೆದಲ್ಲಿ ತಡೆದ. ಹುಡುಗರು ಮತ್ತೆ ರಸ್ತೆ ತುಂಬ ಹಾರತೊಡಗಿದ್ದರಿಂದ ಡಿಜೆ ಲಾರಿಗೆ ಮುಂದೆ ಬರಲು ಜಾಗವೇ ಸಿಗಲಿಲ್ಲ. ತ್ರಿವೇಣಿ ಪಾಂ, ಪಾಂ, ಪಾಂ ಎಂದು ಗಟ್ಟಿಯಾಗಿ ಒತ್ತಿ ಹಾಡು ಮುಗಿಸಿದಳು.

"ಗೆದ್ದಾ! ಗೆದ್ದಾ!" ಎಂದು ಬೀದಿ ಕೂಗಿತು.

"ಹಾಂ, ಹಿಂಗನ್ರಿ ಮತ್ತ!" ಎಂದಳು ಕೊಟ್ರಮ್ಮ. ಮೊಮ್ಮಗನಿಗೆ ಆರತಿ ಎತ್ತಿ, ಹುಡುಗರಿಗೊಮ್ಮೆ ಕಣ್ಣು ಬಿಟ್ಟಳು.

ಹಂಪೇಶ ಜೀಪಿನಿಂದಿಳಿದು ಗಾಡಿಯ ಹತ್ತಿರ ಬಂದ. "ಅಕ್ಕಾ, ಪಾರ್ಲರು ನಂದಾದ್ರೂ ನಾ ಇದರ ಕೊನಿ ಕೇಳೇ ಇಲ್ಲ. ಹಿಂಗೈತೇನ್ರಿ ಅದು?"

"ಹೂಂ. ಹಿಂಗ ಐತಿ," ಎಂದಳು ತ್ರಿವೇಣಿ, ರೆಪ್ಪೆ ಬಡಿಯದೆ.

ಮಾರನೆಯ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಎರ್ರಿಯಪ್ಪ ಅಂಗಳದಲ್ಲಿ ಟ್ರಂಪೆಟ್ಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಸೇಟು ಯಾವಾಗ ಬರುತ್ತಾನೆಂದು ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಮಾತು ತೆಗೆದ.

"ಆ ಕೊನಿ ಇನ್ನೊಮ್ಮಿ ಬಾಯಾಗ ಹೇಳವ್ವ. ನಿನ್ನಿ ನಾ ಭಾಳ ಕಡಿ ತಪ್ಪೀನಿ. ಕಂಪ್ಲಿಯವರು ಬ್ಯಾಂಡು ಕೇಳ್ಯಾರ, ಅವರ ಮದುವ್ಯಾಗ ತಪ್ಪಬಾರದು."

ತ್ರಿವೇಣಿ ಅವನ ಎದುರಿಗೇ ನೆಲದ ಮೇಲೆ ಕುಳಿತಳು. "ಸಾವಕಾಶ ಹೇಳ್ತೀನಿ, ಕೇಳು," ಎಂದು ಶುರು ಮಾಡಿದಳು. ಎರ್ರಿಯಪ್ಪ ಕಣ್ಣು ಮುಚ್ಚಿಕೊಂಡು ಅವಳ ಹಿಂದೆ ಹಿಂದೆಯೇ ಹೇಳಿದ.